ಸೆಕೆಂಡಿಗೆ 355 ಮೂಟೆ

ಸಾಮಾನ್ಯ ಲ್ಯಾಪ್‌ಟಾಪ್ ಪರದೆಯಲ್ಲಿ ಅಡ್ಡಕ್ಕೆ 1,920 ಚುಕ್ಕಿ, ಉದ್ದಕ್ಕೆ 1,080. ಗುಣಿಸಿದರೆ 20,73,600. ಗೇಮ್ ನಿರಾಳವಾಗಿ ಓಡಬೇಕಾದರೆ ಈ ಇಪ್ಪತ್ತು ಲಕ್ಷ ಚುಕ್ಕಿಗೂ ಸೆಕೆಂಡಿಗೆ 60 ಸಲ ಹೊಸ ಬಣ್ಣ ಬಳಿಯಬೇಕು. ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕಿ! ಸಕಲೇಶಪುರದ ತೋಟದ ಮನೆಯಲ್ಲಿ ಕೂತ ಹುಡುಗ ‘ಲ್ಯಾಗ್ ಹೊಡೀತಿದೆ’ ಎಂದು ಗೊಣಗುತ್ತಾನಲ್ಲ, ಇದರಲ್ಲಿ ಆರೇಳು ಕೋಟಿ ಕಡಿಮೆ ಬಿತ್ತು ಎಂಬುದೇ ಅವನ ತಕರಾರು.

ಈ ಕೋಟಿಗಳನ್ನು ಕಣದಲ್ಲಿ ಸುರಿದು ನೋಡೋಣ. ಚುಕ್ಕಿಗೊಂದು ಕಾಫಿ ಬೀಜ. ಕಿಲೋಗೆ ಏಳು ಸಾವಿರ ಬೀಜದ ಅಂದಾಜು ಹಿಡಿದರೆ ಸೆಕೆಂಡಿಗೆ 17.8 ಟನ್, ಅಂದರೆ 50 ಕಿಲೋದ 355 ಮೂಟೆ. ಒಂದು ಗಂಟೆ ಆಡಿದರೆ 64 ಸಾವಿರ ಟನ್. ಕರ್ನಾಟಕ ಇಡೀ ವರ್ಷ ಬೆಳೆಯುವ ಕಾಫಿ ಹೆಚ್ಚುಕಡಿಮೆ ಎರಡೂವರೆ ಲಕ್ಷ ಟನ್. ಮಧ್ಯಾಹ್ನದ ಊಟ ಮುಗಿಸಿ ಕೂತ ಹುಡುಗ ಸಂಜೆ ಆರಕ್ಕೆ ಏಳುವಷ್ಟರಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಮೂರೂ ಜಿಲ್ಲೆಗಳ ವರ್ಷದ ಬೆಳೆ ಖಾಲಿ! ಇದೂ ಸಾಲದು ಎನ್ನುವವರು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಬಣ್ಣ ಬಳಿಯುವ ಪರದೆ ಕೊಳ್ಳುತ್ತಾರೆ. ಅಲ್ಲಿ ಸೆಕೆಂಡಿಗೆ 853 ಮೂಟೆ.

ಪರಿಹಾರ ಮಾತ್ರ ಗೇಮಿನ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಸಾಲು. ರೆಸಲ್ಯೂಶನ್ 1280×720ಕ್ಕೆ ಇಳಿಸಿದರೆ ಚುಕ್ಕಿಗಳು 9,21,600ಕ್ಕೆ ಇಳಿಯುತ್ತವೆ. ಒಂದು ಕ್ಲಿಕ್ಕಿಗೆ ಸೆಕೆಂಡಿಗೆ 197 ಮೂಟೆ ಹೊರೆ ಕಡಿಮೆ. ಚಿತ್ರ ಸ್ವಲ್ಪ ಮಸುಕು ನಿಜ, ಆದರೆ ಓಡುವ ಶತ್ರುವಿನ ಅಂಗಿಯ ಹೊಲಿಗೆ ಎಣಿಸಲು ಯಾರಿಗೆ ಪುರುಸೊತ್ತಿದೆ?

ಇನ್ನು ಪ್ರೊಸೆಸರ್. ಭರ್ತಿ ವೇಗದಲ್ಲಿ ಅದರ ಬಡಿತ ಸೆಕೆಂಡಿಗೆ 400 ಕೋಟಿ. ನಿಮಿಷಕ್ಕೆ 72ರಂತೆ ಬಡಿಯುವ ನಮ್ಮ ಹೃದಯಕ್ಕೆ ಅಷ್ಟು ಬಡಿತ ಮುಗಿಸಲು 105 ವರ್ಷ ಬೇಕು. ನಾವು ಶತಾಯುಷಿಗಳಾಗಿ, ಮೇಲೆ ಐದು ವರ್ಷ ಬೋನಸ್ ಪಡೆದು ಮುಗಿಸುವ ಕೆಲಸ ಅದಕ್ಕೆ ಒಂದು ಸೆಕೆಂಡಿನದು. ಇಷ್ಟು ಓಡುವ ವಸ್ತು ಕಾಯದೆ ಇರುತ್ತದೆಯೇ? ಇಂಟೆಲ್‌ನ ಬಹುಪಾಲು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಹಾಕಿರುವ ಗಡಿ 100 ಡಿಗ್ರಿ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿರುವ ಸಕಲೇಶಪುರದಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಅಡುಗೆಮನೆಯಲ್ಲಿ ಕಾಫಿಗಿಟ್ಟ ನೀರು ಕೊತಕೊತ ಕುದಿಯುತ್ತಿದ್ದರೂ ಹಜಾರದ ಲ್ಯಾಪ್‌ಟಾಪ್ ಅದಕ್ಕಿಂತ ಮೂರು ಡಿಗ್ರಿ ಮುಂದಿರಬಹುದು!

ಗಡಿ ಮುಟ್ಟಿದೊಡನೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. 400 ಕೋಟಿ ಬಡಿತ 200 ಕೋಟಿಗೆ ಬಂತೆಂದರೆ ಹೃದಯದ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ 53 ವರ್ಷ ನಷ್ಟ. ಗ್ರಾಫಿಕ್ಸ್ ಚಿಪ್ಪಿನ ಕಥೆ ಇನ್ನೂ ಬಿಸಿ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿನ ವಿಸ್ತೀರ್ಣ 159 ಚದರ ಮಿಲಿಮೀಟರ್, ಹೆಬ್ಬೆರಳಿನ ಉಗುರಿನಷ್ಟು. ಅದಕ್ಕೆ 115 ವ್ಯಾಟ್ ಕೊಡಬಹುದು. ಚದರ ಸೆಂಟಿಮೀಟರಿನ ಲೆಕ್ಕ ಹಾಕಿದರೆ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾದ ಶಾಖ. ಇದನ್ನೆಲ್ಲ ಹೊರಹಾಕಲು ಇರುವುದು ನಿಮಿಷಕ್ಕೆ ಐದು ಸಾವಿರ ಸುತ್ತು, ಸೆಕೆಂಡಿಗೆ 83 ಸುತ್ತು ತಿರುಗುವ ಪುಟ್ಟ ಫ್ಯಾನು. ಅದರ ದಾರಿಗೆ ಅಡ್ಡ ಕೂತಿರುವುದೋ, ಬೇಸಿಗೆಯಲ್ಲಿ ತೋಟದ ದಾರಿಯಿಂದ ಜೀಪು ಎಬ್ಬಿಸಿ ತಂದ ಕೆಂಪು ಧೂಳು, ಕೆಲವು ಗ್ರಾಂ.

ಆ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಸೆಕೆಂಡಿಗೆ ಅರ್ಧ ಶತಮಾನ ವಾಪಸ್ಸು. ಹಿಂಬದಿಗೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿದರೆ ಇನ್ನೂ ಒಳ್ಳೆಯದು. ಎತ್ತರದ ಲಾಭ ಊರಿಗೂ ಇದೆ: ಕಿಲೋಮೀಟರ್ ಮೇಲೇರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಮಂಗಳೂರಿನ ಹುಡುಗನಿಗಿಲ್ಲದ ಈ ಆರು ಡಿಗ್ರಿ ಸಕಲೇಶಪುರದವನಿಗೆ ಪುಕ್ಕಟೆ ಸಿಕ್ಕಿದೆ. ಅವನು ಡಿಸೆಂಬರ್ ಚಳಿಗೆ ಕಂಬಳಿ ಹೊದ್ದು, ಅದೇ ಕಂಬಳಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಗಾಳಿಯ ಕಿಂಡಿ ಮುಚ್ಚಿ, ಆ ಆರೂ ಡಿಗ್ರಿಯನ್ನು ಹಾಳು ಮಾಡುತ್ತಾನೆ.

ರ‍್ಯಾಮ್ ವಿಚಾರ ಬೇಗ ಮುಗಿಸುತ್ತೇನೆ. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. ಅದು ಮುನ್ನೂರು ಪುಟದ 17 ಸಾವಿರ ಕನ್ನಡ ಕಾದಂಬರಿಗಳ ಅಕ್ಷರಗಳಿಗೆ ಸಮ. ಪಕ್ಕದ ಖಾಲಿ ಜಾಗಕ್ಕೆ ಅಂಥದೇ ಇನ್ನೊಂದು ಕಡ್ಡಿ ಸಿಕ್ಕಿಸಿದರೆ 34 ಸಾವಿರ. ಇನ್ನು ಗೇಮ್ ಕೂಡಿಟ್ಟ ಜಾಗ: ಹಳೆಯ ಹಾರ್ಡ್ ಡಿಸ್ಕಿನಿಂದ ನೂರು ಜಿಬಿ ಓದಲು ಹದಿನಾರು ನಿಮಿಷಕ್ಕೂ ಹೆಚ್ಚು ಬೇಕು, ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿಗೆ ಅರ್ಧ ನಿಮಿಷ. ಎಸ್‌ಎಸ್‌ಡಿಯಿಂದ ಫ್ರೇಮ್ ಹೆಚ್ಚುವುದು ಕಡಿಮೆ, ಕಾಯುವುದು ತಪ್ಪುತ್ತದೆ.

ಈಗ ನಿಜವಾದ ದೊಡ್ಡ ಸಂಖ್ಯೆಗಳಿಗೆ ಬರೋಣ. ಆ ಉಗುರಿನಷ್ಟು ಗ್ರಾಫಿಕ್ಸ್ ಚಿಪ್ಪಿನಲ್ಲಿ 1,890 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಒಂದೊಂದಕ್ಕೂ ಒಂದು ಮೀಟರ್ ಹಳಿ ಹಾಕಿದರೆ 1 ಕೋಟಿ 89 ಲಕ್ಷ ಕಿಲೋಮೀಟರ್ ರೈಲುದಾರಿ. ಭೂಮಿಗೆ 471 ಸುತ್ತು. ಚಂದ್ರನವರೆಗೆ 49 ಸಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯನ್ನು ಅಳತೆಗೋಲು ಮಾಡಿಕೊಂಡರೆ 3 ಲಕ್ಷ 43 ಸಾವಿರ ಪ್ರಯಾಣ. ಒಂದೊಂದು ಪ್ರಯಾಣಕ್ಕೆ 57 ಸುರಂಗ, 109 ಸೇತುವೆ. ದಾಟಬೇಕಾದ ಸುರಂಗಗಳೇ ಒಂದು ಕೋಟಿ 95 ಲಕ್ಷ!

ಈ ಚಿಪ್ಪಿನ 3,072 ಕೋರ್‌ಗಳು ಸೆಕೆಂಡಿಗೆ ಸುಮಾರು 12 ಲಕ್ಷ ಕೋಟಿ ಲೆಕ್ಕ ಮಾಡುತ್ತವೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನ 17.76 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ಸೆಕೆಂಡಿಗೊಂದು ಗುಣಾಕಾರವೋ ಸಂಕಲನವೋ ಮಾಡುತ್ತ, ಊಟ ನಿದ್ದೆ ಬಿಟ್ಟು ಕೂತರೆ, ಚಿಪ್ಪಿನ ಒಂದು ಸೆಕೆಂಡಿನ ಕೆಲಸ ಮುಗಿಯಲು 78 ದಿನ. ಪುಣೆಯ ಸಿ-ಡ್ಯಾಕ್ 1991ರಲ್ಲಿ ಕಟ್ಟಿದ ಭಾರತದ ಮೊದಲ ಸೂಪರ್‌ಕಂಪ್ಯೂಟರ್ ‘ಪರಮ್ 8000’ರ ಗರಿಷ್ಠ ವೇಗ ಸೆಕೆಂಡಿಗೆ ನೂರು ಕೋಟಿ ಲೆಕ್ಕ. ಲೆಕ್ಕದ ನಿಖರತೆಯ ವ್ಯತ್ಯಾಸ ಪಕ್ಕಕ್ಕಿಟ್ಟರೆ, ಹುಡುಗನ ತೊಡೆಯ ಮೇಲಿರುವುದು 12 ಸಾವಿರ ಪರಮ್‌ಗಳು!

ಮತ್ತೂ ಗೇಮ್ ಜಗ್ಗುತ್ತದೆ. ಯಾಕೆ? ಬಹಳ ಸಲ ಗೇಮ್ ಈ ಚಿಪ್ಪಿನ ಹತ್ತಿರವೇ ಸುಳಿದಿರುವುದಿಲ್ಲ. ಪ್ರೊಸೆಸರ್ ಜೊತೆಗೇ ಬಂದ ಚಿಕ್ಕ ಗ್ರಾಫಿಕ್ಸ್ ಮೇಲೆ ಏದುಸಿರು ಬಿಡುತ್ತ ಓಡುತ್ತಿರುತ್ತದೆ, 12 ಸಾವಿರ ಪರಮ್‌ಗಳು ನಿದ್ದೆ ಹೊಡೆಯುತ್ತಿರುತ್ತವೆ. ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್, ಅಲ್ಲಿ ಗೇಮಿನ ಹೆಸರಿಗೆ ‘ಹೈ ಪರ್ಫಾರ್ಮೆನ್ಸ್’ ಕೊಟ್ಟರೆ ಎದ್ದು ಕೂರುತ್ತವೆ.

ಚಾರ್ಜರ್ ಸಿಕ್ಕಿಸಿರಬೇಕು ಅಷ್ಟೆ. ಬ್ಯಾಟರಿಯ ಮೇಲೆ ಓಡುವಾಗ ಯಂತ್ರವೇ ತನ್ನ ಕೈಕಾಲು ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತೆನ್ನಿ. 60 ವ್ಯಾಟ್-ಗಂಟೆಯ ಬ್ಯಾಟರಿ 150 ವ್ಯಾಟ್ ಕಕ್ಕಬೇಕಾದರೆ ಬರುವುದು 24 ನಿಮಿಷ. ಪುಟ್ಟ ಬ್ಯಾಟರಿ ಎಂದು ಮೂಗು ಮುರಿಯಬೇಡಿ. ಅದರಲ್ಲಿರುವ ಶಕ್ತಿ ಐದು ಟನ್ನಿನ ಸಲಗವನ್ನು ನೆಲದಿಂದ ನಾಲ್ಕು ಮೀಟರ್ ಮೇಲೆತ್ತಲು ಸಾಕು. ಅದೇ ಸಲಗವನ್ನು ಮಂಗಳೂರಿನ ಕಡಲತೀರದಿಂದ ಸಕಲೇಶಪುರದ ಎತ್ತರಕ್ಕೆ ಏರಿಸಲು 13 ಯೂನಿಟ್ ಕರೆಂಟ್ ಬೇಕು. ಅದೇ 150 ವ್ಯಾಟಿನಂತೆ ದಿನಕ್ಕೆ ನಾಲ್ಕು ಗಂಟೆ ಆಡುವ ಹುಡುಗ ಅಷ್ಟನ್ನು ಇಪ್ಪತ್ತೆರಡು ದಿನದಲ್ಲಿ ಸುಟ್ಟಿರುತ್ತಾನೆ. ವರ್ಷಕ್ಕೆ ಹದಿನಾರು ಆನೆ ಘಾಟಿ ಹತ್ತುವಷ್ಟು.