ಕೇಳಿ, ಓದಿ: ಸಂಪಾಜೆಯ ನೆಲ ಯಾಕೆ ಗುಡುಗಿತು?

ಮೈಸೂರಿನ ಕುವೆಂಪುನಗರದಿಂದ ಮಾತಾಡ್ತಾ ಇದ್ದೀನಿ. ಇಲ್ಲಿಂದ ಹುಣಸೂರು, ಮಡಿಕೇರಿ ದಾಟಿ ಘಾಟಿ ಇಳಿದರೆ ಸಂಪಾಜೆ. ಅಲ್ಲಿಂದ ಮುಂದೆ ಕರಾವಳಿ ಜಿಲ್ಲೆ. 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು, ಸುಳ್ಯದ ಕಡೆ ಕೆಲವೇ ದಿನಗಳಲ್ಲಿ ಹಲವು ಸಲ ನೆಲ ಅಲುಗಿತು. ಜೂನ್ 28ರ ಬೆಳಗ್ಗೆ ಏಳೂ ಮುಕ್ಕಾಲರ ಕಂಪನ 3.0 ತೀವ್ರತೆಯದ್ದು. ಜನ ಮೊದಲು ಹೇಳಿದ್ದು ಅಲುಗಾಟಕ್ಕಿಂತ ಸದ್ದಿನ ಬಗ್ಗೆ.

ಆ ಸದ್ದು ಭ್ರಮೆ ಅಲ್ಲ. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತೆ. ಮೊದಲು ಬರೋದು ಪಿ ಅಲೆ, ಹಿಂದೆ ಬರೋದು ಎಸ್ ಅಲೆ. ಕಂಪನ ಹೆಚ್ಚು ಆಳದಲ್ಲಿ ಇಲ್ಲದಿದ್ರೆ ಪಿ ಅಲೆ ನೆಲದಿಂದ ಗಾಳಿಗೆ ದಾಟಿ ಗುಡುಗಿನ ಹಾಗೆ ಕೇಳಿಸುತ್ತೆ. ಎರಡರ ನಡುವಿನ ಸೆಕೆಂಡುಗಳನ್ನು ಸುಮಾರು ಎಂಟರಿಂದ ಗುಣಿಸಿದರೆ ದೂರ ಸಿಗುತ್ತೆ: ಐದು ಸೆಕೆಂಡು ಅಂದ್ರೆ ಹೆಚ್ಚುಕಡಿಮೆ 40 ಕಿಲೋಮೀಟರ್. ಮೂರು ಕೇಂದ್ರಗಳಿಂದ ಹೀಗೆ ವೃತ್ತ ಎಳೆದರೆ, ಅವು ಕೂಡುವ ಕಡೆಯೇ ಕೇಂದ್ರಬಿಂದು.

ಎಲ್ಲಿ ಅಂತ ಗೊತ್ತಾಯ್ತು. ಯಾವ ಕಡೆಗೆ ಜಾರಿತು? ಇದು ಕಷ್ಟದ ಪ್ರಶ್ನೆ. ಬಂಡೆಯೊಳಗಿನ ಹಳೇ ಬಿರುಕು, ಅಂದ್ರೆ ಸ್ತರಭಂಗ, ಜಾರಿದಾಗ ಕೆಲವು ದಿಕ್ಕಿನ ನೆಲಕ್ಕೆ ಮೊದಲು ತಳ್ಳಿದ ಹಾಗಾಗುತ್ತೆ, ಉಳಿದ ದಿಕ್ಕಿಗೆ ಎಳೆದ ಹಾಗೆ. ಯಂತ್ರದ ಗೆರೆ ಒಂದು ಕಡೆ ಮೊದಲು ಮೇಲಕ್ಕೆ ಹೋದ್ರೆ ಇನ್ನೊಂದು ಕಡೆ ಕೆಳಕ್ಕೆ. ಸುತ್ತಲಿನ ಎಲ್ಲ ಕೇಂದ್ರಗಳ ಆ ಮೊದಲ ಜರ್ಕನ್ನು ಜೋಡಿಸಿದರೆ ನಾಲ್ಕು ಹೋಳಿನ ಚಿತ್ರ ಬರುತ್ತೆ. ತಮಾಷೆ ಏನಂದ್ರೆ, ಆ ಚಿತ್ರಕ್ಕೆ ಒಂದಲ್ಲ, ಎರಡು ಬಿರುಕು ಹೊಂದುತ್ತೆ! ನಿಜವಾದದ್ದು ಯಾವುದು ಅಂತ ತಿಳಿಯೋಕೆ ಮತ್ತೆ ಮತ್ತೆ ಬರೋ ಸಣ್ಣ ಕಂಪನಗಳೇ ದಾರಿ. ಅವುಗಳ ಚುಕ್ಕಿಗಳು ಯಾವ ಗೆರೆಯಲ್ಲಿ ಸಾಲಾಗುತ್ತವೋ ಅದೇ ಬಿರುಕು. ಆದ್ರೆ ಕಂಪನ ಸಣ್ಣದಾದಷ್ಟೂ ಅದನ್ನು ಹಿಡಿಯೋ ಯಂತ್ರಗಳು ಕಮ್ಮಿ. ಹಾಗಾಗಿ ಎರಡೇ ದಿನದಲ್ಲಿ 'ಇದೇ ಫಾಲ್ಟ್' ಅಂತ ಬಂದ ವಾಟ್ಸ್‌ಆ್ಯಪ್ ನಕ್ಷೆ ನಾನಂತೂ ನಂಬಲ್ಲ.

ಇದಕ್ಕೆಲ್ಲ ಬಲ ಎಲ್ಲಿಂದ? ಭಾರತದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರಕ್ಕೆ ಸರೀತಾ ಹಿಮಾಲಯಕ್ಕೆ ಒತ್ತುತ್ತೆ. ಆ ಒತ್ತಡ ನಮ್ಮ ಹಳೇ ಬಂಡೆಗಳಿಗೂ ತಟ್ಟುತ್ತೆ. ಬಿರುಕಿಗೆ ಇಳಿದ ನೀರು ಹಿಡಿತ ಸಡಿಲಿಸಬಹುದು. 1967ರ ಕೊಯ್ನಾ ಭೂಕಂಪಕ್ಕೆ ಜಲಾಶಯವನ್ನು ಜೋಡಿಸೋದು ಇದೇ ಕಾರಣಕ್ಕೆ.

'ಸಣ್ಣದು ಬಂದು ಹೋದ್ರೆ ದೊಡ್ಡದು ಬರಲ್ಲ' ಅನ್ನೋ ಸಮಾಧಾನವೂ ಲೆಕ್ಕಕ್ಕೆ ನಿಲ್ಲಲ್ಲ. ತೀವ್ರತೆ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. ಆರರ ಒಂದು ಭೂಕಂಪಕ್ಕೆ ಮೂರರವು ಮೂವತ್ತು ಸಾವಿರಕ್ಕೂ ಹೆಚ್ಚು ಬೇಕು. ಹಾಗಂತ ಸಣ್ಣದರ ಹಿಂದೆ ದೊಡ್ಡದು ಬಂದೇ ಬರುತ್ತೆ ಅಂತಲೂ ಅಲ್ಲ. ಬಹುಪಾಲು ಸರಣಿಗಳು ಸುಮ್ಮನೆ ನಿಂತು ಹೋಗ್ತವೆ.

ಘಟ್ಟದ ಬುಡದಲ್ಲಿ ಮನೆ ಇರೋರು ಮಳೆಗಾಲದಲ್ಲಿ ಇದಕ್ಕಿಂತ ಹೆಚ್ಚು ಗಮನಿಸಬೇಕಾದ್ದು ಗುಡ್ಡವನ್ನ. ಮನೆ ಹಿಂದಿನ ದರೆಯಲ್ಲಿ ಹೊಸ ಬಿರುಕು ಕಂಡ್ರೆ, ತೋಡಿನ ನೀರು ದಿಢೀರನೆ ಕೆಂಪಾದ್ರೆ ಕಾಯಬೇಡಿ. ಮೊದಲು ಮನೆಯಿಂದ ಹೊರಡಿ, ಆಮೇಲೆ ಪಂಚಾಯಿತಿಗೆ ಫೋನ್ ಮಾಡಿ.