ಆರನೆಯ ವರ್ಷ, ಆರನೆಯ ಹಲ್ಲು

ಮಗುವನ್ನು ಶಾಲೆಗೆ ಸೇರಿಸುವ ಕಾಲ ಸಮೀಪಿಸಿತೆಂದರೆ ಮನೆಯಲ್ಲಿ ಸಂಭ್ರಮದ ಜೊತೆಗೆ ಓಡಾಟವೂ ಆರಂಭವಾಗುತ್ತದೆ. ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ವಾಸಸ್ಥಳದ ದಾಖಲೆ, ಭಾವಚಿತ್ರ ಇವುಗಳನ್ನೆಲ್ಲ ಹುಡುಕಿ ಜೋಡಿಸಿಡುತ್ತೇವೆ. ಸಮವಸ್ತ್ರ, ಬೂಟು, ಪುಸ್ತಕದ ಚೀಲ, ತಿಂಡಿಯ ಡಬ್ಬಿ ಎಲ್ಲವೂ ಬರುತ್ತವೆ. ಇಷ್ಟೆಲ್ಲ ಸಿದ್ಧತೆಯ ನಡುವೆ ಮಗುವಿನ ಬಾಯಿಯನ್ನು ಒಮ್ಮೆ ತೆರೆಯಿಸಿ ನೋಡುವವರು ವಿರಳ. ಹಲ್ಲು ನೋಯದಿರುವಾಗ ದಂತವೈದ್ಯರ ಬಳಿಗೆ ಏಕೆ ಹೋಗಬೇಕು, ಹೇಗಿದ್ದರೂ ಅವು ಹಾಲುಹಲ್ಲುಗಳು, ಬಿದ್ದುಹೋಗತಕ್ಕವು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ಭಾವನೆಯಿಂದ ಆಗುವ ನಷ್ಟ ಎಂಥದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ ನೆಲಸಿದ ನಮ್ಮವರೇ ಆದ ದಂಪತಿಗಳು ಎಂಟು ವರ್ಷದ ಮಗಳನ್ನು ನನ್ನ ಬಳಿಗೆ ಕರೆತಂದರು. ಕೆನ್ನೆ ಬಾತುಕೊಂಡಿತ್ತು. ಕೆಳದವಡೆಯ ಒಂದು ಹಲ್ಲು ಬೇರಿನವರೆಗೂ ಹುಳುಕಾಗಿತ್ತು. "ಇದು ಹಾಲುಹಲ್ಲಲ್ಲವೇ ಡಾಕ್ಟರೇ, ಕಿತ್ತುಬಿಡಿ, ಹೊಸದು ಬರುತ್ತದೆ" ಎಂದರು ತಾಯಿ. ಅದು ಹಾಲುಹಲ್ಲಾಗಿರಲಿಲ್ಲ. ಜೀವಮಾನವೆಲ್ಲ ಉಳಿಯಬೇಕಾಗಿದ್ದ ಶಾಶ್ವತ ದವಡೆಹಲ್ಲು. ಅದನ್ನು ಉಳಿಸಲಾಗಲಿಲ್ಲ. ವಿಚಾರಿಸಿದಾಗ ತಿಳಿದುಬಂದ ಇನ್ನೊಂದು ಸಂಗತಿ ಮನಸ್ಸನ್ನು ಇನ್ನಷ್ಟು ನೋಯಿಸಿತು. ಆ ಹುಡುಗಿ ಒಂದನೆಯ ತರಗತಿಯಿಂದಲೇ ತಿಂಡಿಯ ಡಬ್ಬಿಯನ್ನು ಅರ್ಧ ಉಳಿಸಿ ತರುತ್ತಿದ್ದಳು. ತರಗತಿಯಲ್ಲಿ ಗಮನವಿಲ್ಲವೆಂದು ಅಧ್ಯಾಪಕಿಯ ದೂರು ಬರುತ್ತಿತ್ತು. ಮನೆಯಲ್ಲಿ ಕನ್ನಡವನ್ನಷ್ಟೇ ಆಡಿ ಬೆಳೆದಿದ್ದ ಮಗುವಿಗೆ "ಹಲ್ಲು ನೋಯುತ್ತದೆ" ಎಂಬುದನ್ನು ಅಲ್ಲಿ ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿದಿರಲಿಲ್ಲ. ಮನೆಗೆ ಬರುವ ಹೊತ್ತಿಗೆ ನೋವು ಅಡಗಿರುತ್ತಿತ್ತು. ಹೊರನಾಡಿನಲ್ಲಿರುವ ನಮ್ಮ ಮಕ್ಕಳ ವಿಷಯದಲ್ಲಿ ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು.

ಎಣಿಸಿ ನೋಡುವ ಉಪಾಯ

ಹಾಲುಹಲ್ಲುಗಳು ಒಟ್ಟು 20. ಸುಮಾರು ಆರು ತಿಂಗಳಿಗೆ ಮೊದಲನೆಯದು ಹುಟ್ಟಿ, ಎರಡೂವರೆಯಿಂದ ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ಬಾಯಿಯನ್ನು ಮೇಲೆ ಕೆಳಗೆ, ಎಡ ಬಲ ಎಂದು ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗಕ್ಕೆ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು, ಹೀಗೆ ಐದೈದು. ಆರನೆಯ ವರ್ಷದ ಆಸುಪಾಸಿನಲ್ಲಿ ಈ ಐದರ ಹಿಂದೆ, ಯಾವ ಹಲ್ಲೂ ಬೀಳದೆ, ಇನ್ನೊಂದು ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಅದೇ ಮೊದಲನೆಯ ಶಾಶ್ವತ ದವಡೆಹಲ್ಲು. ಯಾವುದೂ ಬೀಳಲಿಲ್ಲವಾದ್ದರಿಂದ ಹೊಸತು ಬಂದಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಆದ್ದರಿಂದ ತಾಯ್ತಂದೆಗಳು ಒಂದು ಸೂತ್ರವನ್ನು ನೆನಪಿಟ್ಟರೆ ಸಾಕು: ಮುಂದಿನ ನಡುಹಲ್ಲಿನಿಂದ ಹಿಂದಕ್ಕೆ ಎಣಿಸಿರಿ, ಆರನೆಯದು ಕಂಡರೆ ಅದು ಬೀಳುವ ಹಲ್ಲಲ್ಲ. ಆರನೆಯ ವರ್ಷ, ಆರನೆಯ ಹಲ್ಲು.

ಈ ಹಲ್ಲಿನ ರಚನೆ ದವಡೆಯೊಳಗೆ ಮಗು ಹುಟ್ಟುವ ಹೊತ್ತಿಗೇ ಆರಂಭವಾಗಿರುತ್ತದೆ. ಮುಂದೆ ಬರುವ ಶಾಶ್ವತ ಹಲ್ಲುಗಳ ಸಾಲಿಗೆ ಇದೇ ಗೂಟದಂತೆ ಆಧಾರ. ಆದರೆ ಹೊಸದಾಗಿ ಹುಟ್ಟಿದಾಗ ಇದರ ಎನಾಮೆಲ್ ಎಂಬ ಹೊದಿಕೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅಗಿಯುವ ಮೇಲ್ಮೈಯಲ್ಲಿ ಬ್ರಷ್ಷಿನ ಎಳೆಯೂ ಒಳಹೋಗಲಾರದಷ್ಟು ಕಿರಿದಾದ ಗೀರುಗಳಿರುತ್ತವೆ. ಹೀಗಾಗಿ ಹುಳುಕು ಮೊದಲು ಹಿಡಿಯುವ ಶಾಶ್ವತ ಹಲ್ಲು ಬಹುಮಟ್ಟಿಗೆ ಇದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಒಂದನೆಯ ತರಗತಿಗೆ ಆರು ವರ್ಷವನ್ನು ಸೂಚಿಸಿದೆ. ಮಗು ಶಾಲೆಯ ಮೆಟ್ಟಿಲು ಹತ್ತುವುದೂ, ಈ ಹಲ್ಲು ಬಾಯಿಗೆ ಬರುವುದೂ ಒಂದೇ ಕಾಲದಲ್ಲಿ ಎಂದಂತಾಯಿತು. ಶಾಲೆಗೆ ಮುನ್ನ ದಂತಪರೀಕ್ಷೆ ಆಗಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಬಿದ್ದುಹೋಗುವ ಹಲ್ಲಿಗೂ ಬೆಲೆಯುಂಟು

ಹಾಗೆಂದು ಹಾಲುಹಲ್ಲುಗಳನ್ನು ಅಲಕ್ಷಿಸುವಂತಿಲ್ಲ. ಮುಂದಿನ ಹಲ್ಲುಗಳು ಆರು-ಏಳು ವರ್ಷಕ್ಕೆ ಬೀಳತೊಡಗಿದರೂ ಹಾಲಿನ ದವಡೆಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೆ ಇರತಕ್ಕವು. ಅಲ್ಲಿಯವರೆಗೆ ಮಗು ರೊಟ್ಟಿ, ಚಪಾತಿಗಳನ್ನು ಅಗಿಯಬೇಕಾದದ್ದು ಇವುಗಳಿಂದಲೇ. ಮೇಲಾಗಿ ಇವು ಕೆಳಗಿರುವ ಶಾಶ್ವತ ಹಲ್ಲಿಗೆ ಸ್ಥಳವನ್ನು ಕಾದಿರಿಸುತ್ತವೆ. ಹುಳುಕಿನಿಂದ ಒಂದನ್ನು ಅಕಾಲದಲ್ಲಿ ಕೀಳಿಸಿದರೆ ಪಕ್ಕದ ಹಲ್ಲುಗಳು ಆ ಸಂದಿಗೆ ವಾಲಿಕೊಳ್ಳುತ್ತವೆ. ಮುಂದೆ ಬರುವ ಹಲ್ಲು ಜಾಗವಿಲ್ಲದೆ ಓರೆಯಾಗಿ ಹುಟ್ಟುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವಾದರೆ ಕೆಳಗಿನ ಶಾಶ್ವತ ಹಲ್ಲಿನ ಮೊಳಕೆಗೂ ಹಾನಿ ತಟ್ಟುವುದುಂಟು.

ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ವಾಡಿಕೆ ನಮ್ಮ ಊರುಗಳಲ್ಲಿತ್ತು. ಬಹುಮಹಡಿಯ ಮನೆಯಲ್ಲಿ ಹೆಂಚೂ ಇಲ್ಲ, ಸಗಣಿಯೂ ಇಲ್ಲ. ಆದರೆ ತಾನಾಗಿ ಸಡಿಲಗೊಂಡು ಕಾಲಕ್ಕೆ ಸರಿಯಾಗಿ ಬೀಳುವ ಹಲ್ಲು ಶುಭವೆಂಬ ಆ ಹಳೆಯ ನಂಬಿಕೆಯ ತಿರುಳು ಇಂದಿಗೂ ಸತ್ಯವೇ.

ಹುಳುಕು ಹೇಗೆ ಬರುತ್ತದೆ?

ಹಲ್ಲಿನೊಳಗೆ ಹುಳು ಇರುವುದಿಲ್ಲ. ಹಲ್ಲಿನ ಮೇಲೆ ಕಟ್ಟುವ ಅಂಟಾದ ಪದರದಲ್ಲಿ ಬ್ಯಾಕ್ಟೀರಿಯಾಗಳು ನೆಲಸಿ, ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲವು ಎನಾಮೆಲ್‌ನಲ್ಲಿರುವ ಖನಿಜಾಂಶವನ್ನು ಕರಗಿಸುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಖನಿಜವನ್ನು ಮರಳಿ ಕೊಡುತ್ತದೆ. ಆದರೆ ಅದಕ್ಕೆ ಬಿಡುವು ಬೇಕು. ಗಳಿಗೆಗೊಮ್ಮೆ ಬಿಸ್ಕತ್ತು, ಚಾಕೊಲೇಟು ಮೆಲ್ಲುತ್ತಿರುವ ಮಗುವಿನ ಹಲ್ಲಿಗೆ ಆ ಬಿಡುವು ದೊರೆಯುವುದಿಲ್ಲ. ಎಷ್ಟು ಸಿಹಿ ತಿಂದಿತು ಎಂಬುದಕ್ಕಿಂತ ಎಷ್ಟು ಸಲ ತಿಂದಿತು ಎಂಬುದು ಹೆಚ್ಚು ಮುಖ್ಯ. ಬೆಲ್ಲ ನಿರಪಾಯಕಾರಿಯೆಂದು ಅನೇಕರು ತಿಳಿದಿದ್ದಾರೆ. ಹಲ್ಲಿನ ಪಾಲಿಗೆ ಬೆಲ್ಲವೂ ಸಕ್ಕರೆಯೇ.

ನಿದ್ರೆಯಲ್ಲಿ ಜೊಲ್ಲಿನ ಸ್ರಾವ ತೀರ ಕಡಿಮೆಯಾಗುತ್ತದೆ. ಆದ್ದರಿಂದ ಸಿಹಿಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳ ಮೇಲಿನ ಬಾಚಿಹಲ್ಲುಗಳು ಬೇಗನೆ ಕೆಡುತ್ತವೆ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳಲ್ಲಿ, ದಣಿದು ಬಂದ ರಾತ್ರಿ ಮಗು ಬೇಗ ಮಲಗಲೆಂದು ಈ ಉಪಾಯಕ್ಕೆ ಮೊರೆಹೋಗುವುದು ಅರ್ಥವಾಗತಕ್ಕದ್ದೇ. ಆದರೂ ಹಾಲು ಕುಡಿಸಿ, ಹಲ್ಲುಜ್ಜಿಸಿ, ಅನಂತರ ಮಲಗಿಸುವುದೇ ವಿಹಿತ.

ಪರೀಕ್ಷೆಯಲ್ಲಿ ಏನು ನಡೆಯುತ್ತದೆ?

ಮೊದಲ ಹುಟ್ಟುಹಬ್ಬದ ಹೊತ್ತಿಗೇ ಮಗುವನ್ನು ಒಮ್ಮೆ ದಂತವೈದ್ಯರಿಗೆ ತೋರಿಸಬೇಕೆಂಬುದು ಇಂದಿನ ತಜ್ಞರ ಅಭಿಪ್ರಾಯ. ಹಾಗೆ ಮಾಡದಿದ್ದವರು ಶಾಲೆ ತೆರೆಯುವುದಕ್ಕೆ ಎರಡು-ಮೂರು ತಿಂಗಳ ಮೊದಲಾದರೂ ಹೋಗಬೇಕು. ಹುಳುಕನ್ನು ತುಂಬಿಸಬೇಕಾಗಿ ಬಂದರೆ ಕಾಲಾವಕಾಶವಿರುತ್ತದೆ. ವೈದ್ಯರು ಸಣ್ಣ ಕನ್ನಡಿಯಿಂದ ಹಲ್ಲುಗಳನ್ನು ಎಣಿಸಿ ನೋಡುತ್ತಾರೆ. ವಸಡು, ದವಡೆಗಳ ಹೊಂದಾಣಿಕೆ, ಬೆರಳು ಚೀಪುವ ಅಭ್ಯಾಸ ಇವನ್ನು ಗಮನಿಸುತ್ತಾರೆ. ಅಗತ್ಯವಿದ್ದರೆ ಮಾತ್ರ ಕ್ಷಕಿರಣ ಚಿತ್ರ ತೆಗೆಸುತ್ತಾರೆ. ಹಲ್ಲಿಗೆ ಫ್ಲೋರೈಡ್ ಲೇಪವನ್ನು ಹಚ್ಚುವುದೂ, ಹೊಸ ದವಡೆಹಲ್ಲು ಪೂರ್ತಿ ಮೇಲೆ ಬಂದ ಬಳಿಕ ಅದರ ಗೀರುಗಳನ್ನು ಸೀಲೆಂಟ್ ಎಂಬ ದ್ರವ್ಯದಿಂದ ಮುಚ್ಚುವುದೂ ನೋವಿಲ್ಲದ ಕೆಲಸಗಳು. ಆ ಎಂಟು ವರ್ಷದ ಹುಡುಗಿಗೆ ಎರಡು ವರ್ಷ ಮುಂಚೆ ಈ ಕೆಲಸ ಆಗಿದ್ದರೆ ಆಕೆಯ ಹಲ್ಲು ಉಳಿಯುವ ಸಂಭವ ಬಹಳವಿತ್ತು.

ಸರಕಾರಿ ಹಾಗೂ ಪುರಸಭೆಯ ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ಮಕ್ಕಳ ದಂತಚಿಕಿತ್ಸೆಗೆ ಪ್ರತ್ಯೇಕ ವಿಭಾಗಗಳಿದ್ದು ಖರ್ಚೂ ಕಡಿಮೆ. ಮುಂಬಯಿಯಲ್ಲಿ ನಾಯರ್ ಆಸ್ಪತ್ರೆಯ ದಂತ ಮಹಾವಿದ್ಯಾಲಯ, ದೆಹಲಿಯಲ್ಲಿ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆ ಇಂಥವು. ಚೆನ್ನೈ, ಹೈದರಾಬಾದುಗಳಲ್ಲಿಯೂ ಸರಕಾರಿ ದಂತ ಮಹಾವಿದ್ಯಾಲಯಗಳಿವೆ. ಮಗುವಿಗೆ ಮಾತ್ರ "ಹಟ ಮಾಡಿದರೆ ಡಾಕ್ಟರು ಹಲ್ಲು ಕೀಳುತ್ತಾರೆ" ಎಂದು ಎಂದಿಗೂ ಹೆದರಿಸಬಾರದು.

ಮನೆಯಲ್ಲಿ ಮಾಡತಕ್ಕದ್ದು

ತಿಂಗಳಿಗೊಮ್ಮೆ ಬೆಳಕಿನಲ್ಲಿ ಮಗುವಿನ ತುಟಿಯನ್ನೆತ್ತಿ ನೋಡಿರಿ. ವಸಡಿನಂಚಿನಲ್ಲಿ ಸುಣ್ಣದಂಥ ಬಿಳಿಗೆರೆ ಕಂಡರೆ ಅದು ಹುಳುಕಿನ ಮೊದಲ ಸೂಚನೆ; ಆಗಲೇ ಎಚ್ಚೆತ್ತರೆ ಅದನ್ನು ತಡೆಯಬಹುದು. ಇದ್ದಿಲು, ಇಟ್ಟಿಗೆಯ ಪುಡಿಗಳು ಎನಾಮೆಲ್ ಅನ್ನು ಸವೆಸುತ್ತವೆ. ಮಶೇರಿ ಎಂಬ ಸುಟ್ಟ ತಂಬಾಕಿನ ಪುಡಿಯಂತೂ ಮಕ್ಕಳ ಕೈಗೆ ಸಿಗಲೇಬಾರದು. ಫ್ಲೋರೈಡುಳ್ಳ ಪೇಸ್ಟನ್ನು ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು ಹಾಕಿ, ದಿನಕ್ಕೆರಡು ಸಲ ಉಜ್ಜಬೇಕು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಆ ಕೌಶಲ ಇರುವುದಿಲ್ಲ, ದೊಡ್ಡವರೇ ಉಜ್ಜಿಸಬೇಕು.

ಕೋಲಾರ, ತುಮಕೂರು, ಗದಗ, ಬಳ್ಳಾರಿ ಮೊದಲಾದ ಜಿಲ್ಲೆಗಳಿಂದ ಬಂದವರು ಫ್ಲೋರೈಡ್ ಎಂದೊಡನೆ ಬೆಚ್ಚುವುದುಂಟು. ಅಲ್ಲಿನ ಎಷ್ಟೋ ಊರುಗಳ ಕೊಳವೆಬಾವಿಯ ನೀರಿನಲ್ಲಿ ಅದು ಮಿತಿಮೀರಿದ್ದು, ಹಲ್ಲಿನ ಮೇಲೆ ಕಂದು ಕಲೆ ಮೂಡಿಸಿರುವುದು ನಿಜ. ಅದು ವರ್ಷಗಟ್ಟಲೆ ನುಂಗಿದ್ದರ ಫಲ. ಮಿತವಾಗಿ ಹಚ್ಚಿ ಉಗುಳುವ ಪೇಸ್ಟಿನ ವಿಷಯ ಬೇರೆ. ರಜೆಗೆಂದು ತಿಂಗಳುಗಟ್ಟಲೆ ಅಂಥ ಊರಿನಲ್ಲಿರುವ ಮಕ್ಕಳ ಪೇಸ್ಟಿನ ಬಗ್ಗೆ ವೈದ್ಯರನ್ನು ಕೇಳಿಕೊಂಡರೆ ಸಾಕು.

ಕೊನೆಯದಾಗಿ ಒಂದು ಮಾತು. ಮಗುವನ್ನು ಶಾಲೆಗೆ ಕಳುಹಿಸುವ ಮೊದಲು, ಆ ಶಾಲೆಯ ಭಾಷೆಯಲ್ಲಿ "ನನಗೆ ಹಲ್ಲು ನೋಯುತ್ತಿದೆ" ಎಂಬ ಒಂದು ವಾಕ್ಯವನ್ನು ಕಲಿಸಿರಿ. ಸಂಜೆ ಮನೆಗೆ ಬಂದಾಗ ಅದೇ ಮಾತನ್ನು ಕನ್ನಡದಲ್ಲಿ ನೀವೇ ಕೇಳಿರಿ. ಜೋಡಿಸಿಟ್ಟ ದಾಖಲೆಗಳ ಜೊತೆಗೆ ಆರೋಗ್ಯವಾದ ಒಂದು ಬಾಯಿಯನ್ನೂ ನಾವು ಶಾಲೆಗೆ ಕಳುಹಿಸುವಂತಾಗಲಿ.