ಮೂರು ಕೋಟಿ ವರ್ಷದ ಬೇಸಾಯ

ವಸಂತ ಬಂದರೆ ಹಿಮಾಲಯದ ಜನ ಗುಚ್ಚಿ ಅಣಬೆ ಹುಡುಕಿ ಕಾಡು ಹೊಗುತ್ತಾರೆ. ಒಣಗಿಸಿದ ಕಿಲೋಗೆ ಹತ್ತಾರು ಸಾವಿರ ರೂಪಾಯಿ. ಧಾರವಾಡ ಜಿಲ್ಲೆಯಲ್ಲಿ ವಸಂತಕ್ಕೆ ನೆಲ ಕಾದಿರುತ್ತದೆ. ಇಲ್ಲಿ ಅಣಬೆ ಹುಡುಕಬೇಕಾದರೆ ಮುಂಗಾರು ಹಿಡಿಯಬೇಕು. ಎರೆಹೊಲದ ನವಲಗುಂದ ಬಿಟ್ಟು ಕಲಘಟಗಿಯ ಸಾಗವಾನಿ ಕಾಡಿನಂಚಿಗೆ ಹೋಗಬೇಕು. ಗುಡುಗಿದರೆ ಅಣಬಿ ಏಳುತ್ತವೆ ಎಂಬ ನಂಬಿಕೆ.

ಏಳುವುದು ಹುತ್ತದ ಆಸುಪಾಸಿನಲ್ಲಿ. ಮೆಲ್ಲಗೆ ಅಲುಗಿಸಿ ಎಳೆದರೆ ಬೇರಿನಂಥ ಉದ್ದನೆಯ ಕಾಲು ಹಿಂದೆಯೇ ಬರುತ್ತದೆ. ಅದು ಬೇರಲ್ಲ, ನೆಲದಡಿಯ ತೋಟದಿಂದ ಮೇಲೆದ್ದ ದಂಟು. ತೋಟ ಗೆದ್ದಲಿನದು. ನಾಲ್ಕೈದು ಮಿಲಿಮೀಟರಿನ ಈ ಹುಳ ಒಣ ಕಟ್ಟಿಗೆ, ತರಗೆಲೆ ತಿಂದು ಬಂದು, ಹಿಕ್ಕೆಯಿಂದಲೇ ಮಡಿ ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆದು ಉಣ್ಣುತ್ತದೆ.

ಈ ಒಕ್ಕಲುತನ ಶುರುವಾಗಿ ಸುಮಾರು 3 ಕೋಟಿ ವರ್ಷ. ಮನುಷ್ಯ ಬಿತ್ತಲು ಕಲಿತು 10,000 ವರ್ಷದ ಸುಮಾರು. ಆ 3 ಕೋಟಿಯನ್ನು ಯುಗಾದಿಯಿಂದ ಯುಗಾದಿಗೆ ಒಂದೇ ವರ್ಷವೆಂದು ಇಟ್ಟುಕೊಳ್ಳಿ: ನಮ್ಮ ಜೋಳ, ಕಡಲೆ, ಹತ್ತಿ ಎಲ್ಲವೂ ಕೊನೆಯ ದಿನದ ಕೊನೆಯ 3 ತಾಸಿನೊಳಗೆ ಬಂದವು. ಕುಂದಗೋಳದವರು ತಮ್ಮದೇ ಎಂದುಕೊಂಡಿರುವ ಮೆಣಸಿನಕಾಯಿ ಕಡಲು ದಾಟಿ ಬಂದದ್ದಂತೂ ಕೊನೆಯ 9 ನಿಮಿಷದಲ್ಲಿ.

ರೈತರೆಂದ ಮೇಲೆ ಬೀಜದ ಚಿಂತೆ ಇದ್ದೇ ಇದೆ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳಗಳೇ ಹೊಸ ಗೂಡು ಹೂಡುವ ರಾಜ-ರಾಣಿ. ಹೆಚ್ಚಿನ ಜಾತಿಗಳಲ್ಲಿ ಅವು ಬೀಜ ಒಯ್ಯುವುದಿಲ್ಲ. ಅವುಗಳ ಮೊದಲ ಸಂತಾನ ಹೊರಬೀಳುವ ಹೊತ್ತಿಗೆ ಹಳೆಯ ಗೂಡುಗಳ ಅಣಬೆ ಅರಳಿ ಬೀಜಕಣ ಉದುರಿಸಿರುತ್ತದೆ. ಅದನ್ನೇ ಆಯ್ದು ತಂದು ಬಿತ್ತನೆ. ಒಂದು ಅಣಬೆ ಎಷ್ಟು ಉದುರಿಸೀತು? ಹುಲ್ಲುಗಾವಲಿನ ಸಾಧಾರಣ ಅಣಬೆಯೊಂದಕ್ಕೆ ಬುಲ್ಲರ್ ಎಂಬ ವಿಜ್ಞಾನಿ 1909ರಲ್ಲಿ ಕೊಟ್ಟ ಲೆಕ್ಕ ಸುಮಾರು 180 ಕೋಟಿ. ಅಂಗೈಗಿಂತ ಚಿಕ್ಕ ಕೊಡೆಯಡಿ ಇಡೀ ದೇಶದ ಜನಸಂಖ್ಯೆಗಿಂತ ಹೆಚ್ಚು! ಮೊಗ್ಗಿನಲ್ಲೇ ಕಿತ್ತರೆ ಈ ಲೆಕ್ಕವೆಲ್ಲ ಸೊನ್ನೆ. ರುಚಿಗೆ ಮೊಗ್ಗೇ ಮೇಲು, ನಿಜ. ಆದರೂ ನಾಲ್ಕಾರನ್ನು ಅರಳಲು ಬಿಡುವವರೇ ಜಾಣರು.

ಹುತ್ತದ ಅಣಬೆಯ ಕುಲದ್ದೇ ಆದ ಜಾಂಬಿಯಾದ ಅಣಬೆಯ ಕೊಡೆ 1 ಮೀಟರ್ ಅಗಲದವರೆಗೂ ಹರಡಬಲ್ಲದು, ಇಲ್ಲಿಯ ಗೆದ್ದಲಿನ ಉದ್ದದ ಸುಮಾರು 200 ಪಟ್ಟು. ಕಲಘಟಗಿಯವು ಅಷ್ಟು ದೊಡ್ಡವಲ್ಲ. ಬಟನ್ ಅಣಬೆಯನ್ನು ಷೆಡ್ಡಿನಲ್ಲಿ ಬೆಳೆದು ಪ್ಯಾಕೆಟ್ ಮಾಡುವ ನಮಗೆ ಹುತ್ತದ ಅಣಬೆಯನ್ನು ಹಾಗೆ ಬೆಳೆಯುವ ದಾರಿ ಇನ್ನೂ ಸಿಕ್ಕಿಲ್ಲ. ರೊಟ್ಟಿ ಜೊತೆ ಅಣಬಿ ಪಲ್ಯ ಬೇಕೆಂದರೆ ಮಳೆ ನಿಂತ ಮುಂಜಾನೆಯೇ ಬುಟ್ಟಿ ಹಿಡಿದು ಹೊರಡಬೇಕು, ಗುರುತು ಹತ್ತಿದವನ್ನಷ್ಟೇ ಕೀಳಬೇಕು, ಅಂದೇ ಒಲೆಗಿಡಬೇಕು; ಮರುದಿನಕ್ಕೆ ಹುಳ ಬೀಳುತ್ತದೆ.